ಹೊಸ ಕಾರಿಗೆ ಬ್ರೋಕರ್ ಬೇಕಾ, ಸೀದಾ ಶೋರೂಮಿಗೆ ಹೋದರೆ ಸಾಕಾ? ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಉಡುಪಿ ಕಡೆ ಹೊಸ ಕಾರು ಕೊಳ್ಳಲು ಹೊರಟವರು ಫೋನಿನಲ್ಲಿ, ಪತ್ರದಲ್ಲಿ, ಮದುವೆ ಹಾಲಿನಲ್ಲಿ ಕೈ ತೊಳೆಯುವ ಜಾಗದಲ್ಲೂ ನನ್ನನ್ನು ಕೇಳಿದ ಪ್ರಶ್ನೆಗಳು ಇವು. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವ ವಿಷಯ ಇಲ್ಲಿಲ್ಲ. ಹಳೇ ಕಾರು ಕೊಟ್ಟು ಹೊಸದು ತೆಗೆದುಕೊಳ್ಳುವವರ ಪ್ರಶ್ನೆಗಳು ಮಾತ್ರ ಇವೆ.

## ಮೊದಲು ತಿಳಿಯಬೇಕಾದ್ದು

ಬ್ರೋಕರ್ ಅಂದ್ರೆ ಹಳೇ ಗಾಡಿ ಕೊಡಿಸುವವರಲ್ವಾ? ಹೊಸ ಕಾರಿಗೂ ಬ್ರೋಕರ್ ಉಂಟಾ?

ಉಂಟು. ಆದರೆ 'ಹೊಸ ಕಾರು ಬ್ರೋಕರ್' ಅಂತ ಬೋರ್ಡು ಹಾಕಿ ಕೂತವರು ಕಡಿಮೆ. ಹಳೇ ಗಾಡಿ ವ್ಯಾಪಾರ ಮಾಡುವವರಿಗೆ ಮೂರ್ನಾಲ್ಕು ಶೋರೂಮುಗಳ ಸೇಲ್ಸ್ ಹುಡುಗರ ಪರಿಚಯ ಇರುತ್ತದೆ. ಬ್ಯಾಂಕ್ ಲೋನ್ ಮಾಡಿಸುವ ಏಜೆಂಟರು, ಇನ್ಶೂರೆನ್ಸ್ ಏಜೆಂಟರು, ಆರ್‌ಟಿಓ ಕೆಲಸ ಮಾಡಿಸುವವರು, ಇವರೆಲ್ಲ ಹೊಸ ಕಾರನ್ನೂ 'ಮಾಡಿಸಿ ಕೊಡ್ತೇನೆ' ಅನ್ನುತ್ತಾರೆ. ಕುಂದಾಪುರ, ಕಾರ್ಕಳ, ಬೆಳ್ತಂಗಡಿಯಂಥ ಊರುಗಳಲ್ಲಿ ಎಲ್ಲಾ ಕಂಪೆನಿಯ ಕಾರಿಗೂ ಬುಕಿಂಗ್ ತೆಗೆದುಕೊಳ್ಳುವ ಸಣ್ಣ ಕಚೇರಿಗಳೂ ಇರುತ್ತವೆ. ಅವರು ಮಾಡುವುದೂ ಇದೇ ಕೆಲಸ.

ಬಿಲ್ ಯಾರು ಕೊಡ್ತಾರೆ? ಬ್ರೋಕರಾ, ಶೋರೂಮಾ?

ಶೋರೂಮು ಮಾತ್ರ. ಹೊಸ ಕಾರಿನ ಬಿಲ್ಲು ಕಂಪೆನಿಯ ಅಧಿಕೃತ ಡೀಲರ್ ಹೆಸರಿನಿಂದ ಸೀದಾ ನಿಮ್ಮ ಹೆಸರಿಗೆ ಬರಬೇಕು. ಜೊತೆಗೆ ಫಾರಂ 21 ಅಂದರೆ ಮಾರಾಟದ ಸರ್ಟಿಫಿಕೇಟು, ಫಾರಂ 22 ಅಂದರೆ ಗಾಡಿ ರಸ್ತೆಗೆ ಯೋಗ್ಯ ಅಂತ ಕಂಪೆನಿ ಕೊಡುವ ಕಾಗದ. ಇವಿಲ್ಲದೆ ರಿಜಿಸ್ಟ್ರೇಷನ್ ಆಗುವುದಿಲ್ಲ. ರಿಜಿಸ್ಟ್ರೇಷನ್ ಅರ್ಜಿ ಹಾಕುವುದೂ ಡೀಲರೇ. ಹೀಗಾಗಿ ಬ್ರೋಕರ್ ಮೂಲಕ ಹೋದರೂ ನೀವು ಕಾರು ಕೊಳ್ಳುವುದು ಶೋರೂಮಿನಿಂದಲೇ. ಬ್ರೋಕರ್ ನಿಮಗೆ ಮಾರುವುದು ಕಾರನ್ನಲ್ಲ, ತನ್ನ ಪರಿಚಯವನ್ನು ಮತ್ತು ಚೌಕಾಸಿಯನ್ನು.

ಯಾರಾದರೂ ಕಾರನ್ನು ಮೊದಲು ತಮ್ಮ ಹೆಸರಿಗೆ ರಿಜಿಸ್ಟರ್ ಮಾಡಿ 'ಓಡಿಸಿಯೇ ಇಲ್ಲ, ಹೊಸದೇ' ಅಂತ ಕೊಟ್ಟರೆ, ಅದು ಸೆಕೆಂಡ್ ಓನರ್ ಗಾಡಿ. ಮೀಟರ್ ಎಷ್ಟೇ ತೋರಿಸಲಿ. ದರವನ್ನೂ ಹಾಗೇ ಮಾತಾಡಿ.

ಬ್ರೋಕರ್ ಮೂಲಕ ಹೋದ್ರೆ ಕಡಿಮೆಗೆ ಸಿಗ್ತದಾ ಇಲ್ವಾ? ಒಂದೇ ಮಾತಲ್ಲಿ ಹೇಳಿ ಮಾರಾಯ್ರೆ.

ಚೌಕಾಸಿ ಬಾರದವರಿಗೆ ಸಿಗುತ್ತದೆ. ಬರುವವರಿಗೆ ಇಲ್ಲ.

ನಾವು ಅವರಿಗೆ ಐದು ಪೈಸೆ ಕೊಡುವುದಿಲ್ಲ. ಮತ್ತೆ ಅವರಿಗೆ ಎಂತ ಲಾಭ?

ಎಲ್ಲರೂ ಮೊದಲು ಕೇಳಬೇಕಾದ ಪ್ರಶ್ನೆ ಇದು. ಕೇಳುವವರು ಕಡಿಮೆ.

ಹಣ ನಾಲ್ಕೈದು ದಾರಿಯಲ್ಲಿ ಬರುತ್ತದೆ. ಗಿರಾಕಿ ತಂದದ್ದಕ್ಕೆ ಶೋರೂಮು ಒಂದಿಷ್ಟು ಕೊಡಬಹುದು. ಲೋನ್ ಮಾಡಿಸಿದರೆ ಬ್ಯಾಂಕಿನ ಕಮಿಷನ್ ಇರುತ್ತದೆ. ಇನ್ಶೂರೆನ್ಸ್‌ನಲ್ಲಿ ಒಂದು ಪಾಲು, ಸೀಟ್ ಕವರು, ಮ್ಯಾಟು, ಕೋಟಿಂಗಿನಲ್ಲಿ ಒಂದು ಪಾಲು. ದೊಡ್ಡದು ಕೊನೆಯದು, ನಿಮ್ಮ ಹಳೇ ಕಾರು. ಹೊಸ ಕಾರಿಗೆ ಹತ್ತು ಸಾವಿರ ಜಾಸ್ತಿ ಡಿಸ್ಕೌಂಟ್ ಮಾಡಿಸಿಕೊಟ್ಟು, ಹಳೇದರಲ್ಲಿ ಮೂವತ್ತು ಸಾವಿರ ಉಳಿಸಿಕೊಳ್ಳುವುದು ಅವರಿಗೆ ಕಷ್ಟದ ಲೆಕ್ಕವೇನಲ್ಲ. ಇದು ಮೋಸ ಅಂತ ನಾನು ಹೇಳುವುದಿಲ್ಲ. ಅವರೂ ಬದುಕಬೇಕು, ಓಡಾಟಕ್ಕೆ ಪೆಟ್ರೋಲ್ ಸುಮ್ನೆ ಬರುವುದಿಲ್ಲ. ಆದರೆ ಯಾವ ದಾರಿಯಲ್ಲಿ ಹಣ ಹೋಯಿತು ಅಂತ ನಿಮಗೆ ಗೊತ್ತಿರಬೇಕಲ್ವಾ?

ನನ್ನ ಅಭಿಪ್ರಾಯ ಕೇಳಿದರೆ, 'ನಿಮ್ಮ ಫೀಸ್ ಎಷ್ಟು, ನಾನೇ ಕೊಡ್ತೇನೆ, ಉಳಿದದ್ದೆಲ್ಲ ಶೋರೂಮಿನ ಬಿಲ್ಲಿನಲ್ಲಿ ಬರಲಿ' ಅಂತ ಮೊದಲೇ ಹೇಳಿಬಿಡಿ. ಇದಕ್ಕೆ ಒಪ್ಪುವ ಬ್ರೋಕರ್ ಒಳ್ಳೆಯವರು. 'ಅಯ್ಯೋ, ನಿಮ್ಮ ಹತ್ರ ದುಡ್ಡು ತಗೊಳ್ಳುವುದಾ' ಅಂತ ನಾಚಿಕೊಳ್ಳುವವರ ಹತ್ತಿರ ಸ್ವಲ್ಪ ಹುಷಾರು.

ಮಗಳು ಕ್ಯಾಲಿಫೋರ್ನಿಯಾದಲ್ಲಿದ್ದಾಳೆ. ಅಲ್ಲಿ ಬ್ರೋಕರ್ ಮೂಲಕವೇ ಕಾರು ತಗೊಂಡದ್ದು, ತೊಂದರೆಯೇ ಇಲ್ಲ ಅಂತಾಳೆ. ಇಲ್ಲಿ ಮಾತ್ರ ಯಾಕೆ ಇಷ್ಟು ಯೋಚನೆ?

ಅಲ್ಲಿ ಕಾರು ಬ್ರೋಕರ್ ಆಗಬೇಕಾದರೆ ರಾಜ್ಯದ ವಾಹನ ಇಲಾಖೆಯಿಂದ ಡೀಲರ್ ಲೈಸೆನ್ಸ್ ಬೇಕು, ಅದರ ಮೇಲೆ ಬ್ರೋಕರ್ ಕೆಲಸಕ್ಕೆ ಬೇರೆ ಅನುಮತಿ ಬೇಕು. ಗಿರಾಕಿ ಜೊತೆ ಲಿಖಿತ ಒಪ್ಪಂದವೂ ಬೇಕು. ನಮ್ಮಲ್ಲಿ ಹೊಸ ಕಾರು ಕೊಡಿಸುವವರಿಗೆ ಅಂಥ ಲೈಸೆನ್ಸ್ ಇಲ್ಲ. ಮಾತೇ ಒಪ್ಪಂದ. ಹಾಗಾಗಿ ಮಗಳ ಅನುಭವ ಇಲ್ಲಿಗೆ ಹೊಂದುವುದಿಲ್ಲ.

## ದರದ ಮಾತು

ಎಕ್ಸ್‌ಶೋರೂಮ್ ಎಲ್ಲಾ ಕಡೆ ಒಂದೇ ಹೇಳ್ತಾರೆ. ಆನ್‌ರೋಡ್ ಮಾತ್ರ ಮೂರು ಕಡೆ ಮೂರು ರೀತಿ. ಹೇಗೆ ಹೋಲಿಸುವುದು?

ಎಕ್ಸ್‌ಶೋರೂಮ್ ಅಂದರೆ ಕಾರಿನ ಬೆಲೆ ಮಾತ್ರ, ಆನ್‌ರೋಡ್ ಅಂದರೆ ರೋಡ್ ಟ್ಯಾಕ್ಸ್, ಇನ್ಶೂರೆನ್ಸ್ ಎಲ್ಲ ಸೇರಿದ ಬೆಲೆ. ಒಟ್ಟು ಮೊತ್ತ ಹೋಲಿಸಬೇಡಿ. ಕೊಟೇಶನ್ನನ್ನು ಸಾಲು ಸಾಲಾಗಿ ಬಿಡಿಸಿ ಬರೆಸಿಕೊಳ್ಳಿ.

ರೋಡ್ ಟ್ಯಾಕ್ಸ್‌ನಲ್ಲಿ ಯಾರೂ ಏನೂ ಮಾಡಲು ಆಗುವುದಿಲ್ಲ. ಕರ್ನಾಟಕದಲ್ಲಿ ಪೆಟ್ರೋಲ್, ಡೀಸೆಲ್ ಕಾರಿನ ಲೈಫ್ ಟ್ಯಾಕ್ಸ್ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಬೆಲೆ 5 ಲಕ್ಷದವರೆಗೆ ಶೇಕಡಾ 13, 10 ಲಕ್ಷದವರೆಗೆ 14, 20 ಲಕ್ಷದವರೆಗೆ 17, ಅದಕ್ಕೂ ಮೇಲೆ 18. ಇದರ ಮೇಲೆ ಸೆಸ್ ಬೇರೆ. 9,90,000 ರೂಪಾಯಿಯ ಕಾರಿಗೆ ಟ್ಯಾಕ್ಸ್ 1,38,600. ಅದೇ ಕಾರಿನ ಒಂದು ಮೇಲಿನ ಮಾಡೆಲ್ 10,10,000 ಆದರೆ 1,71,700. ಇಪ್ಪತ್ತು ಸಾವಿರ ಜಾಸ್ತಿ ಕೊಟ್ಟು ಸನ್‌ರೂಫ್ ಅಂತ ಹೊರಟವರು ಟ್ಯಾಕ್ಸಿಗೇ ಇನ್ನೂ 33,100 ಕೊಡುತ್ತಾರೆ. ಸೇಲ್ಸ್ ಹುಡುಗರು ಇದನ್ನು ತಾವಾಗಿ ಹೇಳುವುದು ಅಪರೂಪ. 'ಟ್ಯಾಕ್ಸ್ ಕಡಿಮೆ ಮಾಡಿಸ್ತೇನೆ' ಅನ್ನುವ ಬ್ರೋಕರ್ ಸಿಕ್ಕಿದರೆ ಅಲ್ಲಿಂದ ಎದ್ದು ಬನ್ನಿ.

ಬೆಲೆ 10 ಲಕ್ಷ ದಾಟಿದರೆ ಶೇಕಡಾ 1 ಟಿಸಿಎಸ್, ಅಂದರೆ ಮಾರುವವರು ಮೊದಲೇ ವಸೂಲಿ ಮಾಡುವ ಆದಾಯ ತೆರಿಗೆ, ಸೇರುತ್ತದೆ. ಅದು ನಿಮ್ಮ ಪಾನ್ ನಂಬರಿಗೆ ಜಮೆ ಆಗುತ್ತದೆ, ಆದಾಯ ತೆರಿಗೆ ರಿಟರ್ನ್ ಹಾಕುವಾಗ ಲೆಕ್ಕಕ್ಕೆ ಸಿಗುತ್ತದೆ. ಅದನ್ನು ಖರ್ಚು ಅಂತ ಎಣಿಸಬೇಡಿ.

ಕೊನೆಗೆ ನಿಜವಾಗಿ ಬದಲಾಗುವುದು ಡಿಸ್ಕೌಂಟ್, ಇನ್ಶೂರೆನ್ಸ್, ಎಕ್ಸ್‌ಟೆಂಡೆಡ್ ವಾರಂಟಿ, ಆಕ್ಸೆಸರೀಸ್, ಮತ್ತೆ ಆ 'ಇತರೆ' ಅನ್ನುವ ಸಾಲು. ಬ್ರೋಕರ್ ಕೊಡುವ ದರವನ್ನೂ ಇದೇ ಸಾಲುಗಳಲ್ಲಿ, ಶೋರೂಮಿನ ಲೆಟರ್‌ಹೆಡ್ ಮೇಲೆ ಕೇಳಿ. ವಾಟ್ಸಾಪಿನಲ್ಲಿ ಬಂದ ಒಂದು ಸಂಖ್ಯೆ ಕೊಟೇಶನ್ ಅಲ್ಲ.

ಇನ್ನೊಂದು ಮಾತು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇಕಡಾ 18ಕ್ಕೆ ಇಳಿದಿದೆ, ದೊಡ್ಡವಕ್ಕೆ 40 ಆಗಿದೆ, ಜಿಎಸ್‌ಟಿ ಜೊತೆ ಇದ್ದ ಹಿಂದಿನ ಸೆಸ್ ಹೋಗಿದೆ. ಇದು ಸರ್ಕಾರ ಇಳಿಸಿದ್ದು. ಇದನ್ನೇ ತೋರಿಸಿ 'ನಿಮಗೋಸ್ಕರ ಇಷ್ಟು ಕಡಿಮೆ ಮಾಡಿಸಿದೆ' ಅಂದವರನ್ನೂ ನಾನು ನೋಡಿದ್ದೇನೆ.

ಹ್ಯಾಂಡ್ಲಿಂಗ್ ಚಾರ್ಜ್ ಅಂತ ಏಳೆಂಟು ಸಾವಿರ ಹಾಕಿದ್ದಾರೆ. ಕೊಡಲೇಬೇಕಾ?

ಬೇಡ. ಶೋರೂಮಿನವರೆಗೆ ಕಾರು ತರುವ ಖರ್ಚು ಎಕ್ಸ್‌ಶೋರೂಮ್ ಬೆಲೆಯಲ್ಲೇ ಸೇರಿದೆ. 'ಇದನ್ನು ಬಿಲ್ಲಿನಲ್ಲಿ ಬೇರೆ ಸಾಲಾಗಿ ತೋರಿಸಿ ರಶೀದಿ ಕೊಡಿ' ಅಂತ ಮೆಲ್ಲನೆ ಕೇಳಿ. ಹೆಚ್ಚಿನ ಸಲ ಆ ಸಾಲೇ ಮಾಯ ಆಗುತ್ತದೆ.

ಇನ್ಶೂರೆನ್ಸ್ ನಮ್ಮಲ್ಲೇ ಮಾಡಿಸಿದ್ರೆ ಮಾತ್ರ ಡಿಸ್ಕೌಂಟ್ ಅಂತಾರೆ ಶೋರೂಮಿನವರು. ಬ್ರೋಕರ್ ಹೊರಗೆ ಮಾಡಿಸುವ ಅಂತಾರೆ. ಯಾರ ಮಾತು ಕೇಳುವುದು?

ಎಲ್ಲಿ ಬೇಕಾದರೂ ಮಾಡಿಸುವ ಹಕ್ಕು ನಿಮ್ಮದು. ಶೋರೂಮು ಒತ್ತಾಯ ಮಾಡುವಂತಿಲ್ಲ. ಆದರೆ ಇಬ್ಬರಿಗೂ ಅದರಲ್ಲಿ ಕಮಿಷನ್ ಇದೆ, ಹಾಗಾಗಿ ಇಬ್ಬರ ಮಾತನ್ನೂ ಪಕ್ಕಕ್ಕಿಟ್ಟು ಪಾಲಿಸಿಯನ್ನೇ ನೋಡಿ. ಹೊಸ ಕಾರಿಗೆ ಥರ್ಡ್ ಪಾರ್ಟಿ, ಅಂದರೆ ನಿಮ್ಮ ಕಾರಿನಿಂದ ಬೇರೆಯವರಿಗಾದ ಹಾನಿಯ ಇನ್ಶೂರೆನ್ಸ್, 3 ವರ್ಷದ್ದು ಕಡ್ಡಾಯ. 2018ರ ಸೆಪ್ಟೆಂಬರಿನಿಂದ ಹೀಗಿದೆ. ನಿಮ್ಮ ಕಾರಿನ ಹಾನಿಗೆ ಇರುವ ಭಾಗ 1 ವರ್ಷದ್ದು ಸಾಕು. ಐಡಿವಿ (ಕಾರು ಪೂರ್ತಿ ಹೋದರೆ ಕಂಪೆನಿ ಕೊಡುವ ಗರಿಷ್ಠ ಮೊತ್ತ) ಒಂದೇ ಇಟ್ಟು, ಆಡ್‌ಆನ್‌ಗಳೂ (ಹೆಚ್ಚಿನ ಹಣ ಕೊಟ್ಟು ಸೇರಿಸುವ ರಕ್ಷಣೆಗಳು) ಅವೇ ಇಟ್ಟು ದರ ಹೋಲಿಸಿ. ಕಡಿಮೆ ಐಡಿವಿ ಹಾಕಿ ಪ್ರೀಮಿಯಂ ಇಳಿಸುವುದು ಹಳೇ ಚಾಳಿ.

ನಮ್ಮ ಕಡೆಗೆ ಝೀರೋ ಡೆಪ್ (ಬಿಡಿಭಾಗಕ್ಕೆ ಸವಕಳಿ ಕಳೆಯದೆ ಹಣ ಕೊಡುವ ಆಡ್‌ಆನ್) ಜೊತೆ ಎಂಜಿನ್ ಪ್ರೊಟೆಕ್ಟ್ ಬೇಕೇ ಬೇಕು ಅನ್ನುತ್ತೇನೆ. ಜುಲೈ ಮಳೆಗೆ ಕೊಟ್ಟಾರ ಚೌಕಿ, ಪಂಪ್‌ವೆಲ್, ಉಡುಪಿಯ ಕಲ್ಸಂಕ ಹೇಗಿರುತ್ತವೆ ಅಂತ ಹೇಳಬೇಕಾಗಿಲ್ಲ. ನೀರು ಹೊಕ್ಕ ಎಂಜಿನ್ ಸ್ಟಾರ್ಟ್ ಮಾಡಿ ಕೆಟ್ಟರೆ ಸಾಮಾನ್ಯ ಪಾಲಿಸಿ ಕೈ ಕೊಡುತ್ತದೆ.

ಹಳೇ ಕಾರಿಗೆ ಕ್ಲೈಮ್ ಮಾಡದೆ ಬಂದಿದ್ದರೆ ನೋ ಕ್ಲೈಮ್ ಬೋನಸ್ ನಿಮ್ಮದು, ಕಾರಿನದ್ದಲ್ಲ. ಶೇಕಡಾ 50ರವರೆಗೂ ಇರಬಹುದು. ಹಳೇ ಕಾರು ಮಾರಿದಾಗ ಇನ್ಶೂರೆನ್ಸ್ ಕಂಪೆನಿಯಿಂದ ಅದರ ಪತ್ರ ತೆಗೆದುಕೊಂಡರೆ ಹೊಸ ಪಾಲಿಸಿಗೆ ಬರುತ್ತದೆ. ಇದನ್ನು ಕೇಳದವರಿಗೆ ಯಾರೂ ನೆನಪು ಮಾಡುವುದಿಲ್ಲ.

ಆಟಿಯಲ್ಲಿ ಆಫರ್ ಜಾಸ್ತಿ ಅಂತ ಬ್ರೋಕರ್ ಹೇಳ್ತಾರೆ. ಮನೆಯಲ್ಲಿ ಅಮ್ಮ 'ಆಟಿಯಲ್ಲಿ ಗಾಡಿ ತರಬೇಡ' ಅಂತಾರೆ. ಏನಾದ್ರೂ ದಾರಿ ಉಂಟಾ?

ಆಟಿ ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತುಳು ತಿಂಗಳು, ಶುಭ ಕೆಲಸಕ್ಕೆ ಬೇಡ ಅನ್ನುತ್ತಾರೆ. ಆಗ ಗಿರಾಕಿ ಕಡಿಮೆ, ಹಾಗಾಗಿ ಮಾತಾಡಲು ಒಳ್ಳೆಯ ಸಮಯ ಹೌದು. ಚೌತಿ, ನವರಾತ್ರಿ ಹತ್ತಿರ ಬಂದರೆ ಶೋರೂಮಿನವರಿಗೆ ನಿಮ್ಮ ಮುಖ ನೋಡಲೂ ಪುರುಸೊತ್ತಿರುವುದಿಲ್ಲ.

ಆದರೆ ಕಂಪೆನಿ ಆಫರುಗಳು ಸಾಮಾನ್ಯವಾಗಿ ಬಿಲ್ಲಿನ ತಿಂಗಳಿಗೆ ಸೇರಿದ್ದು, ಬುಕಿಂಗ್ ತಿಂಗಳಿಗಲ್ಲ. ಜುಲೈಯಲ್ಲಿ ಬುಕ್ ಮಾಡಿ ಆಟಿ ಕಳೆದ ಮೇಲೆ ಬರುವ ಸೋಣ ತಿಂಗಳಲ್ಲಿ ಬಿಲ್ ಮಾಡಿಸಿದರೆ ಜುಲೈ ಆಫರ್ ಸಿಗದೇ ಹೋಗಬಹುದು. ಕೆಲವರು ಆಟಿಯಲ್ಲೇ ಬಿಲ್, ರಿಜಿಸ್ಟ್ರೇಷನ್ ಮುಗಿಸಿ, ಸಂಕ್ರಮಣ ಕಳೆದ ಮೇಲೆ ಗಾಡಿ ತಂದು ಸೀದಾ ಕಟೀಲಿಗೋ ಆನೆಗುಡ್ಡೆಗೋ ಪೂಜೆಗೆ ಹೋಗುತ್ತಾರೆ. ಅಮ್ಮನಿಗೆ ಇದು ಒಪ್ಪಿಗೆಯಾದರೆ ಸರಿ. ಇನ್ಶೂರೆನ್ಸ್ ಮತ್ತು ವಾರಂಟಿಯ ದಿನ ಮೊದಲೇ ಶುರುವಾಗಬಹುದು, ಮತ್ತೆ ಅಷ್ಟು ದಿನ ಕಾರು ಸ್ಟಾಕ್‌ಯಾರ್ಡಿನಲ್ಲಿ ಮಳೆಗೆ ನಿಲ್ಲಬಾರದು ಅಂತ ಹೇಳಿಡಿ.

## ಹಣ, ಲೋನು, ಹಳೇ ಕಾರು

ಬುಕಿಂಗ್ ಅಡ್ವಾನ್ಸ್ ನನ್ನ ನಂಬರಿಗೇ ಹಾಕಿ, ನಾನು ಶೋರೂಮಿಗೆ ಕಟ್ತೇನೆ ಅಂತಾರೆ ಬ್ರೋಕರ್. ಪರಿಚಯದವರೇ. ಹಾಕಬಹುದಾ?

ಬೇಡ. ಅಣ್ಣ ತಮ್ಮ ಆದರೂ ಬೇಡ. ಎಲ್ಲಾ ಹಣ ಡೀಲರ್‌ಶಿಪ್ ಹೆಸರಿನ ಬ್ಯಾಂಕ್ ಖಾತೆಗೆ ಹೋಗಬೇಕು, ರಶೀದಿ ನಿಮ್ಮ ಹೆಸರಿನಲ್ಲಿ ಬರಬೇಕು. ಸೇಲ್ಸ್ ಹುಡುಗನ ಸ್ವಂತ ನಂಬರಿಗೂ ಇದೇ ಮಾತು. ಬ್ರೋಕರ್ ಫೀಸ್ ಮಾತ್ರ ಬ್ರೋಕರ್‌ಗೆ, ಅದೂ ಗಾಡಿ ಕೈಗೆ ಬಂದ ಮೇಲೆ.

ಕ್ಯಾಶ್ ಕೊಡುವ ಯೋಚನೆ ಇದ್ದರೆ ಒಂದು ನೆನಪಿರಲಿ. ಒಂದು ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಳ್ಳಲು ಆದಾಯ ತೆರಿಗೆ ಕಾನೂನು ಬಿಡುವುದಿಲ್ಲ.

ಲೋನೂ ಅವರೇ ಮಾಡಿಸ್ತಾರಂತೆ, ಒಂದೇ ದಿನದಲ್ಲಿ. ಮಾಡಿಸಲಾ?

ಮಾಡಿಸಿ, ಆದರೆ ಮೊದಲು ನಿಮ್ಮ ಸಂಬಳದ ಬ್ಯಾಂಕಿನಲ್ಲೋ ಊರಿನ ಸಹಕಾರಿ ಸೊಸೈಟಿಯಲ್ಲೋ ದರ ಕೇಳಿಕೊಂಡು ಬನ್ನಿ. ಬ್ಯಾಂಕುಗಳು ಹುಟ್ಟಿದ ಜಿಲ್ಲೆಯಲ್ಲಿ ಕೂತು ಒಂದೇ ಬ್ಯಾಂಕಿನ ದರಕ್ಕೆ ಒಪ್ಪುವುದು ಯಾಕೆ? ಬಡ್ಡಿ ದರ ಒಂದೇ ಕೇಳಬೇಡಿ, ಪ್ರೊಸೆಸಿಂಗ್ ಫೀಸ್, ಮೊದಲೇ ತೀರಿಸಿದರೆ ದಂಡ ಎಷ್ಟು, ಲೋನಿಗೆ ಸುತ್ತಿ ಕೊಟ್ಟ ಇನ್ಶೂರೆನ್ಸ್ ಯಾವುದು ಅಂತಲೂ ಕೇಳಿ. 2024ರ ಅಕ್ಟೋಬರಿನಿಂದ ಬ್ಯಾಂಕುಗಳು ಇಂಥ ಸಾಲಕ್ಕೆ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಅನ್ನುವ ಹಾಳೆ ಕೊಡಬೇಕು. ಎಲ್ಲಾ ಖರ್ಚು ಸೇರಿ ವರ್ಷಕ್ಕೆ ಶೇಕಡಾ ಎಷ್ಟು ಬೀಳುತ್ತದೆ ಅಂತ ಅದರಲ್ಲಿ ಇರುತ್ತದೆ. ಸಹಿ ಮಾಡುವ ಮೊದಲು ಆ ಒಂದು ಹಾಳೆ ಓದಿದರೆ ಸಾಕು.

ಹಳೇ ಕಾರನ್ನು ಶೋರೂಮಿಗೆ ಎಕ್ಸ್‌ಚೇಂಜ್ ಕೊಡುವುದಾ, ಬ್ರೋಕರ್‌ಗೆ ಕೊಡುವುದಾ?

ಮೊದಲು ಹೊಸ ಕಾರಿನ ದರ ಮುಗಿಸಿ. ಹಳೇ ಕಾರು ಇದೆ ಅಂತ ಅಲ್ಲಿಯವರೆಗೆ ಬಾಯಿ ಬಿಡಬೇಡಿ. ಎರಡನ್ನೂ ಒಟ್ಟಿಗೆ ಮಾತಾಡಿದರೆ ಯಾವುದರಲ್ಲಿ ಉಳಿಯಿತು, ಯಾವುದರಲ್ಲಿ ಹೋಯಿತು ಅಂತ ದೇವರಿಗೂ ಗೊತ್ತಾಗುವುದಿಲ್ಲ.

ಆಮೇಲೆ ಲೆಕ್ಕ ಹಾಕಿ. ಶೋರೂಮು 2,80,000 ಕೊಟ್ಟು ಎಕ್ಸ್‌ಚೇಂಜ್ ಬೋನಸ್ 25,000 ಸೇರಿಸುತ್ತದೆ ಅನ್ನಿ. ಬ್ರೋಕರ್ 3,20,000 ಹೇಳಿದರೆ ವ್ಯತ್ಯಾಸ 15,000 ಮಾತ್ರ. ಆ ಹದಿನೈದು ಸಾವಿರಕ್ಕೆ ನೀವು ತಲೆಬಿಸಿ ತೆಗೆದುಕೊಳ್ಳುತ್ತೀರಾ? ತಲೆಬಿಸಿ ಯಾವುದೆಂದರೆ, ಆರ್‌ಸಿ ವರ್ಗಾವಣೆ. ಬ್ರೋಕರ್‌ಗಳು ವರ್ಗಾವಣೆಯ ಖಾಲಿ ಫಾರಂ 29, 30ಕ್ಕೆ ಸಹಿ ಹಾಕಿಸಿಕೊಂಡು ಗಾಡಿ ಒಯ್ಯುತ್ತಾರೆ, ಗಿರಾಕಿ ಸಿಗುವವರೆಗೆ ಅದು ನಿಮ್ಮ ಹೆಸರಿನಲ್ಲೇ ಓಡುತ್ತದೆ. ಈ ನಡುವೆ ಅಪಘಾತ ಆದರೆ ಪರಿಹಾರದ ಹೊಣೆ ಆರ್‌ಸಿಯಲ್ಲಿ ಹೆಸರಿರುವವರದ್ದು ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಇದಕ್ಕೆ ಒಂದು ಪರಿಹಾರ ಬಂದಿದೆ. 2023ರ ಏಪ್ರಿಲ್ 1ರಿಂದ ಹಳೇ ಗಾಡಿ ವ್ಯಾಪಾರಿಗಳು ಆರ್‌ಟಿಓದಿಂದ ಅಧಿಕಾರ ಪತ್ರ ಪಡೆಯಬಹುದು. ಅಂಥವರಿಗೆ ಗಾಡಿ ಕೊಟ್ಟು ಫಾರಂ 29ಸಿ ಮೂಲಕ ತಿಳಿಸಿದರೆ ಮುಂದಿನ ಹೊಣೆ ಅವರದ್ದಾಗುತ್ತದೆ. 'ನಿಮ್ಮಲ್ಲಿ ಆ ಪತ್ರ ಉಂಟಾ' ಅಂತ ಕೇಳಿ. ಇಲ್ಲದಿದ್ದರೆ ನಾನಾಗಿದ್ದರೆ ಶೋರೂಮಿಗೇ ಕೊಡುತ್ತಿದ್ದೆ, ಅದೂ ವರ್ಗಾವಣೆ ಇಷ್ಟು ದಿನದೊಳಗೆ ಅಂತ ಬರೆಸಿಕೊಂಡು.

## ಸ್ವಲ್ಪ ಒಳಗಿನ ವಿಷಯ

ಎಕ್ಸ್‌ಚೇಂಜ್ ಬೋನಸ್, ಕಾರ್ಪೊರೇಟ್ ಡಿಸ್ಕೌಂಟ್ ಎಲ್ಲ 'ಅಡ್ಜಸ್ಟ್ ಮಾಡ್ತೇನೆ' ಅಂತಾರೆ ಬ್ರೋಕರ್. ನನ್ನ ಹತ್ರ ಹಳೇ ಕಾರೂ ಇಲ್ಲ, ಕಂಪೆನಿ ಕೆಲಸವೂ ಇಲ್ಲ.

ಅಂದರೆ ಬೇರೆ ಯಾರದ್ದೋ ಆರ್‌ಸಿ, ಬೇರೆ ಯಾರದ್ದೋ ಗುರುತಿನ ಚೀಟಿ ನಿಮ್ಮ ಫೈಲಿಗೆ ಸೇರುತ್ತದೆ ಅಂತ ಅರ್ಥ. ಕಾರು ಕಂಪೆನಿ ಆ ಕ್ಲೈಮನ್ನು ತಿರಸ್ಕರಿಸಿದರೆ ಶೋರೂಮು ನಿಮ್ಮ ಹತ್ತಿರ ಬಾಕಿ ಕೇಳುತ್ತದೆ. ಆಗ ಬ್ರೋಕರ್ ಫೋನ್ ತೆಗೆಯುವುದಿಲ್ಲ. ಸುಳ್ಳು ಕಾಗದಕ್ಕೆ ಸಹಿ ನಿಮ್ಮದು. ಬೇಡ.

ಬ್ರೋಕರ್ ಕೊಡಿಸುವುದು ಹಳೇ ಸ್ಟಾಕ್ ಅಂತ ಹೇಳ್ತಾರೆ. ಹೇಗೆ ಗೊತ್ತಾಗ್ತದೆ?

ಹಳೇ ಸ್ಟಾಕ್ ಕೊಡುವುದು ಶೋರೂಮು, ಬ್ರೋಕರ್ ಅಲ್ಲ. ಸೀದಾ ಹೋದವರಿಗೂ ಅದು ಸಿಗಬಹುದು. ಆದರೆ ಭಾರೀ ಡಿಸ್ಕೌಂಟ್ ಅಂತ ಬ್ರೋಕರ್ ತಂದ ಕಾರು ಹೆಚ್ಚಾಗಿ ಅದೇ ಇರುತ್ತದೆ. ಜನವರಿಯಲ್ಲಿ ಹಿಂದಿನ ವರ್ಷದ ಕಾರು ತೆಗೆದುಕೊಂಡರೆ ಮುಂದೆ ಮಾರುವಾಗ ಒಂದು ವರ್ಷ ಹಳೇದೇ. ಅದಕ್ಕೆ ತಕ್ಕ ಡಿಸ್ಕೌಂಟ್ ಇದ್ದು, ಹತ್ತು ವರ್ಷ ಇಟ್ಟುಕೊಳ್ಳುವವರಾದರೆ ಅದೂ ಒಳ್ಳೆ ವ್ಯವಹಾರವೇ.

ಬಿಲ್ ಮಾಡುವ ಮೊದಲು ಚಾಸಿಸ್ ನಂಬರ್ ಕೇಳಿ, ತಯಾರಾದ ತಿಂಗಳು ವರ್ಷ ಬರೆದು ಕೊಡಲು ಹೇಳಿ. ಫಾರಂ 21ರಲ್ಲೂ ಆರ್‌ಸಿಯಲ್ಲೂ ಅದು ಬಂದೇ ಬರುತ್ತದೆ. ಆಮೇಲೆ ಸ್ಟಾಕ್‌ಯಾರ್ಡಿಗೆ ಹೋಗಿ ಕಾರು ನೋಡಿ, ಹಗಲು ಬೆಳಕಿನಲ್ಲಿ. ಟಯರಿನ ಮೇಲೆ ನಾಲ್ಕು ಅಂಕಿ ಇರುತ್ತದೆ, ಮೊದಲ ಎರಡು ಅಂಕಿ ಟಯರ್ ತಯಾರಾದ ವಾರ, ಕೊನೆಯ ಎರಡು ಅಂಕಿ ವರ್ಷ. ಸ್ಪೇರ್ ವೀಲ್ ಸೇರಿ ಐದನ್ನೂ ನೋಡಿ. ಬಾಗಿಲಿನ ಬಣ್ಣ, ಬಂಪರಿನ ಬಣ್ಣ ಬೇರೆ ಕಾಣುತ್ತದಾ ನೋಡಿ. ನಮ್ಮ ಕಡೆ ಬಗ್ಗಿ ಕೆಳಗೂ ನೋಡಬೇಕು. ಕಡಲ ಗಾಳಿಗೆ ನಾಲ್ಕೈದು ತಿಂಗಳು ನಿಂತ ಗಾಡಿಯ ಬೋಲ್ಟುಗಳೇ ಕತೆ ಹೇಳುತ್ತವೆ. ಇದೆಲ್ಲ ರಿಜಿಸ್ಟ್ರೇಷನ್‌ಗೆ ಮೊದಲು ಆಗಬೇಕು. ನಂಬರ್ ಬಿದ್ದ ಮೇಲೆ ಕಾರು ನಿಮ್ಮದು, ಗೀರೂ ನಿಮ್ಮದು.

ಕಾಸರಗೋಡಿನಲ್ಲಿ ಕಡಿಮೆಗೆ ಕೊಡಿಸ್ತೇನೆ ಅಂತ ಒಬ್ಬರು ಹೇಳಿದ್ದಾರೆ. ಮಂಜೇಶ್ವರದಲ್ಲಿ ಭಾವನ ಮನೆ ಉಂಟು, ಅಡ್ರೆಸ್ ಅಲ್ಲಿಯದ್ದು ಕೊಡಬಹುದಲ್ವಾ?

ನೀವು ಇರುವುದು ಎಲ್ಲಿ, ಕಾರು ಇಡುವುದು ಎಲ್ಲಿ, ಅಲ್ಲಿ ರಿಜಿಸ್ಟ್ರೇಷನ್ ಮಾಡಬೇಕು ಅನ್ನುತ್ತದೆ ಕಾನೂನು. ಭಾವನ ಅಡ್ರೆಸ್ ಹಾಕಿ ಕೇರಳದ ಕೆಎಲ್ ನಂಬರ್ ತಂದರೂ, 12 ತಿಂಗಳಿಗಿಂತ ಜಾಸ್ತಿ ಇಲ್ಲಿಟ್ಟರೆ ಕರ್ನಾಟಕದ ನಂಬರ್ ಮಾಡಿಸಬೇಕು, ಇಲ್ಲಿಯ ಟ್ಯಾಕ್ಸ್ ಕಟ್ಟಬೇಕು. ತಲಪಾಡಿ ದಾಟಿ ಉಳಿಸಿದ್ದು ಆಗ ಬಡ್ಡಿ ಸಮೇತ ಹೋಗುತ್ತದೆ. ಉಡುಪಿಯವರು ಮಂಗಳೂರಿನಲ್ಲಿ ಕೊಂಡು ಕೆಎ 20 ಹಾಕಿಸುವುದಕ್ಕೆ ಮಾತ್ರ ಯಾವ ಅಡ್ಡಿಯೂ ಇಲ್ಲ. ದರ ಕೇಳುವಾಗ ಎರಡೂ ಊರಿನಲ್ಲಿ ಕೇಳಿ.

ನಾನು ಬ್ಯಾಂಕ್ ಉದ್ಯೋಗಿ, ಮೂರು ವರ್ಷಕ್ಕೊಮ್ಮೆ ಟ್ರಾನ್ಸ್‌ಫರ್. ಬಿಎಚ್ ನಂಬರ್ ಕೇಳಿದ್ರೆ ಬ್ರೋಕರ್ ಬೇಡ ಅಂತಾರೆ.

ಅವರಿಗೆ ಕಾಗದದ ಕೆಲಸ ಜಾಸ್ತಿ, ಅದಕ್ಕೆ. ರಾಜ್ಯ ಬದಲಾದರೂ ನಂಬರ್ ಬದಲಿಸಬೇಕಿಲ್ಲದ, 2021ರ ಸೆಪ್ಟೆಂಬರಿನಲ್ಲಿ ಶುರುವಾದ ಈ ಬಿಎಚ್ (ಭಾರತ್) ಸರಣಿ ಸರ್ಕಾರಿ ನೌಕರರಿಗೆ, ಮತ್ತು ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರುವ ಖಾಸಗಿ ಸಂಸ್ಥೆಯವರಿಗೆ ಸಿಗುತ್ತದೆ. ಟ್ಯಾಕ್ಸ್ ಎರಡೆರಡು ವರ್ಷಕ್ಕೆ ಕಟ್ಟಿದರಾಯಿತು. ನಿಮ್ಮಂಥವರಿಗೆ ಲಾಭವೇ. ಅರ್ಜಿ ಹಾಕಬೇಕಾದ್ದು ಡೀಲರ್. ಬುಕಿಂಗ್ ಮಾಡುವಾಗಲೇ ಹೇಳಿ, ಬಿಲ್ ಆದ ಮೇಲೆ ಹೇಳಿದರೆ ಕಷ್ಟ.

ನಾನು ದುಬೈಯಲ್ಲಿ, ಅಪ್ಪ ಅಮ್ಮ ಬ್ರಹ್ಮಾವರದಲ್ಲಿ. ಅಪ್ಪನಿಗೆ ಶೋರೂಮ್ ಸುತ್ತಲು ಆಗುವುದಿಲ್ಲ. ಆಗಲೂ ಬ್ರೋಕರ್ ಬೇಡ ಅಂತೀರಾ?

ಇಲ್ಲ, ಇಲ್ಲಿ ಬೇಕು ಅನ್ನುತ್ತೇನೆ. ಬ್ರೋಕರ್ ನಿಜವಾಗಿ ಉಪಯೋಗಕ್ಕೆ ಬರುವುದು ಇಂಥ ಮನೆಗಳಿಗೆ. ಅಪ್ಪನ ಪರವಾಗಿ ಸ್ಟಾಕ್‌ಯಾರ್ಡಿಗೆ ಹೋಗಿ, ಕಾಗದ ಸರಿ ಮಾಡಿಸಿ, ಗಾಡಿ ಮನೆ ಬಾಗಿಲಿಗೆ ತಂದು ನಿಲ್ಲಿಸುವವರು ಬೇಕಲ್ವಾ? ಊರಲ್ಲಿ ಹತ್ತಾರು ವರ್ಷ ಇರುವ, ನಾಳೆಯೂ ಪೇಟೆಯಲ್ಲಿ ಎದುರು ಸಿಗುವ ಮನುಷ್ಯರನ್ನು ಆರಿಸಿ. ಫೀಸ್ ಮೊದಲೇ ಮಾತಾಡಿ. ಕೊಟೇಶನ್ ನಿಮ್ಮ ಇಮೇಲಿಗೆ ಶೋರೂಮಿನಿಂದಲೇ ಬರಲಿ, ಹಣ ನೀವೇ ಡೀಲರ್ ಖಾತೆಗೆ ಕಳಿಸಿ. ಓಟಿಪಿ ಮಾತ್ರ ಅಪ್ಪ ಯಾರಿಗೂ ಹೇಳಬಾರದು. ರಿಜಿಸ್ಟ್ರೇಷನ್‌ಗೆ ಆಧಾರ್ ಓಟಿಪಿ ಬೇಕಾದರೆ ಯಾವುದಕ್ಕೆ ಬಂದದ್ದು ಅಂತ ನಿಮಗೆ ಫೋನ್ ಮಾಡಿ ಕೇಳಿಯೇ ಹೇಳಲಿ.

ಮಾತು ತಪ್ಪಿದ್ರೆ ಯಾರ ಮೇಲೆ ದೂರು ಕೊಡುವುದು?

ಬಿಲ್, ರಶೀದಿ, ಕೊಟೇಶನ್ ಶೋರೂಮಿನದ್ದಾದರೆ ಶೋರೂಮಿನ ಮೇಲೆ. ಮೊದಲು ಶೋರೂಮಿನ ಮ್ಯಾನೇಜರ್‌ಗೆ ಬರಹದಲ್ಲಿ, ಆಮೇಲೆ ಕಂಪೆನಿಯ ಗ್ರಾಹಕ ವಿಭಾಗಕ್ಕೆ. ಅದೂ ಆಗದಿದ್ದರೆ ಗ್ರಾಹಕ ಸಹಾಯವಾಣಿ 1915, ಕೊನೆಗೆ ಜಿಲ್ಲಾ ಗ್ರಾಹಕ ಆಯೋಗ. ಮಂಗಳೂರಿನಲ್ಲೂ ಉಡುಪಿಯಲ್ಲೂ ಇದೆ. ನೀವು ಕೊಟ್ಟ ಬೆಲೆ 50 ಲಕ್ಷದವರೆಗಿನ ವಿಷಯ ಅಲ್ಲೇ ನಡೆಯುತ್ತದೆ, ವಕೀಲರಿಲ್ಲದೆಯೂ ಹೋಗಬಹುದು.

ಬ್ರೋಕರ್ ಬಾಯಿಮಾತಿನಲ್ಲಿ ಕೊಟ್ಟ 'ಎರಡು ಸರ್ವಿಸ್ ಫ್ರೀ, ಮ್ಯಾಟ್ ಫ್ರೀ, ಅಂಡರ್‌ಬಾಡಿ ಕೋಟಿಂಗ್ ಫ್ರೀ' ಇವಕ್ಕೆ ದೂರು ಕೊಡಲು ಏನೂ ಇರುವುದಿಲ್ಲ. ಅದನ್ನೆಲ್ಲ ಬುಕಿಂಗ್ ಫಾರಂನ ಹಿಂದೆ ಸೇಲ್ಸ್ ಮ್ಯಾನೇಜರ್ ಕೈಯಲ್ಲಿ ಬರೆಸಿ, ಸೀಲು ಹಾಕಿಸಿ, ಒಂದು ಫೋಟೋ ತೆಗೆದಿಟ್ಟುಕೊಳ್ಳಿ.